ಮನೆಯಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಜಾಗ

ಇಲ್ಲ, ತಿಂದೇ ಇರಬೇಕು. ತಿನ್ನದೆ ನಾನೂರ ಹದಿನೆಂಟು ಎಲ್ಲಿಂದ ಬರುತ್ತದೆ? ಆದರೆ ಖಾಲಾ ಸುಳ್ಳು ಹೇಳುವವಳಲ್ಲ. ಅದರಲ್ಲೂ ರಂಜಾನ್ ತಿಂಗಳಲ್ಲಿ, ಕುರಾನಿನ ಮೇಲೆ ಕೈಯಿಟ್ಟು... ಕೈ ಇಟ್ಟಳೇ, ಇಡಲು ಹೋದಾಗ ಆಪಾ ತಡೆದಳೇ? ತಡೆದಳು. ಹಾಗಾದರೆ ಆಣೆ ಅರ್ಧಕ್ಕೇ ನಿಂತಿತು. ಅರ್ಧಕ್ಕೆ ನಿಂತ ಆಣೆಯನ್ನು ನಂಬುವುದೋ ಬಿಡುವುದೋ?

ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ನಿಂತಿದ್ದ ಹಸನ್‌ಗೆ ಹಲಸೂರಿನ ಬಸ್ಸು ಕಣ್ಣೆದುರಿಗೇ ಹೊರಟುಹೋದದ್ದು ಗೊತ್ತಾಗಲಿಲ್ಲ. ಹಲಸೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಅವನು ವಿಜ್ಞಾನದ ಮೇಷ್ಟ್ರು. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ. ಅಲ್ಲಿಂದ ಸಾಕಿದವಳು ತಾಯಿಯ ತಂಗಿ ಚಾಂದ್ ಬೀ. ಅವಳನ್ನೇ ಅವನು ಖಾಲಾ ಎನ್ನುವುದು. ಅವಳ ಮಗಳು ಆತಿಕಾ ಇವನಿಗಿಂತ ಐದು ವರ್ಷ ದೊಡ್ಡವಳು, ಇವನ ಆಪಾ. ಇಂದಿರಾನಗರದ ಬಟ್ಟೆ ಅಂಗಡಿಯೊಂದಕ್ಕೆ ಜರಿ ಕೆಲಸ ಮಾಡಿಕೊಡುತ್ತಾಳೆ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಎರಡನೆಯ ಮಹಡಿಯ ಎರಡು ಕೋಣೆಗಳಲ್ಲಿ ಈ ಮೂವರೇ ಇರುವುದು.

ಖಾಲಾಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್. ಚುಚ್ಚುವುದು ಆತಿಕಾಳ ಕೆಲಸ. ಅವಳು ಸೂಜಿ ಹಿಡಿದರೆ ನೋವೇ ಇಲ್ಲ ಎಂದು ಖಾಲಾ ಗಲ್ಲಿಯೆಲ್ಲ ಹೇಳಿಕೊಂಡು ಬರುತ್ತಿದ್ದಳು. ಆ ದಿನ ಬೆಳಿಗ್ಗೆ ಮಾತ್ರ, ಸಕ್ಕರೆ ಅಳೆಯುವ ಮಿಶಿನ್ನಿನಲ್ಲಿ ನಾನೂರ ಹದಿನೆಂಟು ಬಂದಾಗ, ಆತಿಕಾ ಸಿರಿಂಜನ್ನು ಕೆಳಗಿಟ್ಟು ತಾಯಿಯ ಮುಖವನ್ನೇ ನೋಡಿದ್ದಳು.

"ಅಮ್ಮೀ, ನಿಜ ಹೇಳು. ಏನು ತಿಂದೆ?"

"ಏನೂ ತಿಂದಿಲ್ಲ."

"ಬರೀ ಗಾಳಿ ಕುಡಿದ್ರೆ ನಾನೂರು ಬರತ್ತಾ?"

"ಬಂದಿದೆಯಲ್ಲ. ನಿನ್ನ ಮಿಶಿನ್ನನ್ನೇ ಕೇಳು."

"ಮಿಶಿನ್ ಸರಿಯಾಗೇ ಇದೆ. ನಾವಿಬ್ರೂ ರೋಜಾ ಇಟ್ಕೊಂಡು ಹೊರಗೆ ಹೋಗ್ತೀವಿ, ಮನೇಲಿ ಇಡೀ ದಿನ ನೀನೊಬ್ಳೇ. ಏನು ಮುಕ್ತೀಯೋ ಆ ಅಲ್ಲಾನೇ ಬಲ್ಲ."

ಖಾಲಾ ಔಷಧಿಯ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಇದು ಒಡೆದಿದೆ ಕಣೇ. ಗಾಜಿಗೆಲ್ಲ ಹೇಗೆ ಕಣಕಣ ಅಂಟಿದೆ ನೋಡು. ಮೂವತ್ತು ವರ್ಷ ನಿಮ್ಮಪ್ಪನ ಟೀ ಅಂಗಡಿಗೆ ಹಾಲು ಕಾಯಿಸ್ದೋಳು ನಾನು. ಒಡೆದಿದ್ದು ನಂಗೆ ಗೊತ್ತಾಗಲ್ವಾ?"

"ಔಷಧಿ ಒಡೆಯೋಕೆ ಅದೇನು ನಿಂಬೆಹಣ್ಣು ಬಿದ್ದ ಹಾಲಾ? ಕಳ್ಳಿಗೊಂದು ಪಿಳ್ಳೆ ನೆವ," ಎಂದಳು ಆತಿಕಾ.

ಆಗ ಹಸನ್ ನಕ್ಕಿದ್ದ. ನಗಬಾರದಿತ್ತು. ಖಾಲಾ ಅವನ ಕಡೆ ತಿರುಗಿ ನೋಡಿ, ಆಣೆಯಿಡಲು ಕುರಾನಿನ ಕಡೆ ಕೈ ಚಾಚಿದಳು; ಆತಿಕಾ ತಡೆದಾಗ ಅದೇ ತೋಳನ್ನು ಸೂಜಿಗೆ ಒಡ್ಡಿದಳು.

ಆ ಮನೆಯಲ್ಲಿ ಜನವರಿಯಿಂದ ಬಹಳ ಬದಲಾವಣೆಗಳಾಗಿದ್ದವು. ಶಾಲೆಯ ಪರಿಸರ ಸಂಘವನ್ನು ನೋಡಿಕೊಳ್ಳುವ ಮಧುಕರ್, ಹಸನ್‌ನ ಜೊತೆಯ ಮೇಷ್ಟ್ರು, 'ಹಸಿರು ಮನೆ' ಎಂದು ಒಂದು ಸ್ಪರ್ಧೆ ಶುರುಮಾಡಿದ್ದ. "ಗುರು, ಮಕ್ಕಳಿಗೆ ಬುದ್ಧಿ ಹೇಳೋಕೆ ಮುಂಚೆ ನಮ್ಮನೆ ಸರಿ ಮಾಡ್ಕೊಳ್ಳೋಣ. ಮೇಷ್ಟ್ರುಗಳೂ ಹೆಸರು ಕೊಡ್ಬೇಕು. ಮೂರು ತಿಂಗಳಲ್ಲಿ ಯಾರ ಮನೇಲಿ ಕರೆಂಟು ಹೆಚ್ಚು ಇಳಿಯತ್ತೋ ಅವರಿಗೆ ಫಸ್ಟು," ಎಂದಿದ್ದ. ಹೆಸರು ಕೊಟ್ಟವರೆಲ್ಲ ಮರೆತರು. ಹಸನ್ ಮರೆಯಲಿಲ್ಲ. ಯಾವುದನ್ನೂ ಅರ್ಧಂಬರ್ಧ ಮಾಡುವ ಸ್ವಭಾವ ಅವನದಲ್ಲ. ಮಾತು ಕಡಿಮೆ. ತಲೆಗೆ ಹೊಕ್ಕ ವಿಷಯವನ್ನು ಒಳಗೇ ಉರುಳಿಸಿ ಉರುಳಿಸಿ ನುಣುಪು ಮಾಡುವವನು.

ಹಳೆಯ ಬಲ್ಬುಗಳು ಹೋಗಿ ಎಲ್‌ಇಡಿ ಬಂದವು. ಟಿವಿಯ ಕೆಂಪು ದೀಪ ಉರಿಯದಂತೆ ಗೋಡೆಯಲ್ಲೇ ಸ್ವಿಚ್ ಆರಿಸುವ ಪದ್ಧತಿ ಬಂತು. ಇಸ್ತ್ರಿ ವಾರಕ್ಕೊಂದೇ ದಿನ. ತಾರಸಿಯ ಮೇಲೆ ಒಂದು ಡ್ರಮ್ಮಿಗೆ ಕಪ್ಪು ಬಣ್ಣ ಬಳಿದು ನೀರು ತುಂಬಿಟ್ಟ. ಮಧ್ಯಾಹ್ನ ಮೂರಕ್ಕೆ ಸ್ನಾನಕ್ಕಾಗುವಷ್ಟು ಬಿಸಿ. ಅಕ್ಕಿ ತೊಳೆದ ನೀರು ಪುದೀನದ ಕುಂಡಕ್ಕೆ. ಅಡುಗೆಯ ಪಾತ್ರೆಗೆ ಮುಚ್ಚಳ ಕಡ್ಡಾಯ. ಆತಿಕಾ ಮೊದಮೊದಲು ರೇಗಿದಳು. ಆಮೇಲೆ ಮೀಟರ್ ಓದುವವನು ಕೊಟ್ಟ ಚೀಟಿಯಲ್ಲಿ ಯೂನಿಟ್ಟು ಇಳಿದದ್ದು ನೋಡಿ ಅವಳಿಗೂ ಹುರುಪು ಬಂತು. ಖಾಲಾ ಮಾತ್ರ, "ನಮ್ಮ ಕಾಲದಲ್ಲಿ ಇದನ್ನ ಬಡತನ ಅಂತಿದ್ವಿ. ಈಗ ಇದಕ್ಕೆ ಬಹುಮಾನ ಬೇರೆ," ಎಂದು ನಗುತ್ತಿದ್ದಳು.

ಉಳಿದದ್ದು ಫ್ರಿಜ್ಜು. ಒಂದೇ ಬಾಗಿಲಿನದು, ಖಾಲಾಳ ಗಂಡ ಖಾದರ್ ಇದ್ದಾಗ ಬಂದದ್ದು. ಹಗಲೂ ರಾತ್ರಿ ಗೊರಗುಟ್ಟುತ್ತಿತ್ತು. ರಂಜಾನ್ ಶುರುವಾಗುವ ಎರಡು ದಿನ ಮೊದಲು ಹಸನ್‌ಗೆ ಒಂದು ಉಪಾಯ ಹೊಳೆಯಿತು. ಸಂಜೆ ಫ್ರಿಜ್ಜನ್ನು ಕೊನೆಯ ನಂಬರಿಗೆ ತಿರುಗಿಸುವುದು. ನೀರಿನ ಬಾಟಲಿಗಳು ರಾತ್ರಿ ಕಳೆಯುವುದರೊಳಗೆ ಐಸ್ ಆಗುತ್ತವೆ. ರೋಜಾದ ಉಪವಾಸಕ್ಕೆ ಮುಂಚೆ ಉಣ್ಣುವ ಸಹರಿಗೆ ನಸುಕಿನಲ್ಲಿ ಎದ್ದಾಗ ಸ್ವಿಚ್ ಆರಿಸಿದರೆ ಸಂಜೆಯವರೆಗೆ ಆ ಐಸೇ ಸಾಕು. ಬಾಗಿಲು ಮಾತ್ರ ಪದೇ ಪದೇ ತೆರೆಯಬಾರದು. ಅದಕ್ಕೊಂದು ನಿಯಮ ಮಾಡಿದ: ಫ್ರಿಜ್ಜಿನ ಬಾಗಿಲು ತೆಗೆಯುವವನು ತಾನೊಬ್ಬನೇ, ಬೇಕಾದದ್ದನ್ನೆಲ್ಲ ಒಟ್ಟಿಗೇ ತೆಗೆದುಕೊಡುತ್ತೇನೆ.

ಇನ್ಸುಲಿನ್ ಯಾವಾಗಲೂ ಇರುತ್ತಿದ್ದದ್ದು ಬಾಗಿಲಿನ ಗೂಡಿನಲ್ಲಿ. ಹಸನ್ ಓದಿದವನು. ಬಾಗಿಲೇ ಫ್ರಿಜ್ಜಿನಲ್ಲಿ ಎಲ್ಲಕ್ಕಿಂತ ಬಿಸಿಯಾದ ಜಾಗ ಎಂದು ಅವನಿಗೆ ಗೊತ್ತಿತ್ತು. ಹಗಲೆಲ್ಲ ಕರೆಂಟಿಲ್ಲದಿದ್ದರೆ ಅಲ್ಲಿ ಔಷಧಿ ಕೆಡುತ್ತದೆ. ಆಸ್ಪತ್ರೆಯಿಂದ ಎರಡು ತಿಂಗಳಿಗೆಂದು ತಂದ ಆರು ಬಾಟಲಿಗಳನ್ನೂ ಅವುಗಳ ಕಾಗದದ ಡಬ್ಬಿಯ ಸಮೇತ ಮೇಲಕ್ಕೆತ್ತಿ, ಐಸ್ ಗೂಡಿನ ಕೆಳಗಿನ ತಟ್ಟೆಯಲ್ಲಿ, ಒಳಗೋಡೆಗೆ ತಾಗಿಸಿ ಇಟ್ಟ. ಮನೆಯಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಜಾಗ ಖಾಲಾಳ ಔಷಧಿಗೇ ಇರಲಿ ಎಂದುಕೊಂಡ. ಹಾಗೆ ಇಟ್ಟಾಗ ಅವನ ಮನಸ್ಸಿಗೆ ಸಮಾಧಾನವಾಯಿತು. ಸಹರಿಯ ಹೊತ್ತಿಗೆ ನಿದ್ದೆಗಣ್ಣಲ್ಲಿ ಸಾರು, ಮೊಸರಿನ ಜೊತೆಗೆ ಬಳಕೆಯಲ್ಲಿದ್ದ ಬಾಟಲಿಯ ಡಬ್ಬಿಯನ್ನೂ ತೆಗೆದು ಅಡುಗೆ ಕಟ್ಟೆಯ ಮೇಲಿಡುತ್ತಿದ್ದ, ರಾತ್ರಿ ಮತ್ತೆ ಅಲ್ಲೇ ಒಳಗಿಡುತ್ತಿದ್ದ. ಎಂಟು ಗಂಟೆಗೆ ಆತಿಕಾ ಬಿಚ್ಚಿ ನೋಡುವಾಗ ಒಳಗೆ ಎಂದಿನಂತೆ ದ್ರವವೇ ಇರುತ್ತಿತ್ತು.

ಹತ್ತು ದಿನ ಕಳೆಯುವುದರೊಳಗೆ ಖಾಲಾಗೆ ಬಾಯಾರಿಕೆ ಹೆಚ್ಚಿತು. ಚೊಂಬುಗಟ್ಟಲೆ ನೀರು ಕುಡಿಯುವಳು, ಮತ್ತೆ ಮತ್ತೆ ಬಚ್ಚಲಿಗೆ ಹೋಗುವಳು. ನಾನೂರ ಹದಿನೆಂಟಾದ ಮೇಲೆ ಆತಿಕಾ ಸಕ್ಕರೆ, ಬೆಲ್ಲ, ಖರ್ಜೂರಗಳನ್ನೆಲ್ಲ ಟ್ರಂಕಿಗೆ ಹಾಕಿ ಬೀಗ ಜಡಿದಳು. ಅದರಿಂದಲೂ ಇಳಿಯಲಿಲ್ಲ. ಒಂದು ಭಾನುವಾರ, "ಹಸನ್, ಅವಳ ಹಾಸಿಗೆ ತೆಗೆದು ನೋಡು. ನಾನು ನೋಡಿದ್ರೆ ಜಗಳ ಆಗತ್ತೆ," ಎಂದಳು.

ಹಸನ್ ಬೇಡವೆನ್ನಲಿಲ್ಲ. ಖಾಲಾ ಎದ್ದು ಗೋಡೆಗೊರಗಿ ನಿಂತಳು. ಅವನು ಹಾಸಿಗೆ ಮಡಚಿದ, ಚಾದರ ಕೊಡವಿದ.

"ಹುಡುಕು ಬೇಟಾ. ದಿಂಬಿನೊಳಗೂ ಕೈ ಹಾಕು. ನಾಚ್ಕೋಬೇಡ," ಎಂದಳು ಖಾಲಾ.

ದಿಂಬಿನ ಕೆಳಗೆ ಕಾಗದದ ಪೊಟ್ಟಣವೊಂದು ಸಿಕ್ಕಿತು. ಆತಿಕಾ ಅದನ್ನು ಕಸಿದು ಬಿಚ್ಚಿದಳು. ಒಳಗಿದ್ದದ್ದು ಒಂದು ಹಿಡಿ ಹುರಿಗಡಲೆ. ಮೂವರೂ ಅದನ್ನು ನೋಡುತ್ತ ನಿಂತರು. ಆಮೇಲೆ ಖಾಲಾ, "ರೋಜಾ ಇಡೋದನ್ನ ಡಾಕ್ಟ್ರು ಬಿಡಿಸಿದ್ರು. ಸರಿ ಅಂದೆ. ಈಗ ನನ್ನ ಮಾತೂ ಹೋಯ್ತು," ಎಂದಳು. ಅಷ್ಟು ಹೇಳಿ ಮಡಚಿಟ್ಟ ಹಾಸಿಗೆಯನ್ನು ತಾನೇ ಬಿಡಿಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಕೆಳಗಿನ ಮನೆಯ ವೆಂಕಟಮ್ಮನದು ಮಾರ್ಕೆಟ್ಟಿನಲ್ಲಿ ಸೊಪ್ಪಿನ ವ್ಯಾಪಾರ. ಅವಳಿಗೂ ಚಾಂದ್ ಬೀಗೂ ಮೂವತ್ತು ವರ್ಷದ ಸ್ನೇಹ. ಅವಳು ಇವಳನ್ನು ಚಾಂದಕ್ಕ ಎನ್ನುವಳು. ಇವಳು ಅವಳನ್ನು ವೆಂಕಟಿ ಎನ್ನುವಳು. ಆ ವರ್ಷ ಯುಗಾದಿಯೂ ರಂಜಾನ್ ಹಬ್ಬವೂ ಒಂದರ ಬೆನ್ನಿಗೊಂದು ಬಂದವು. ಯುಗಾದಿಯ ಬೆಳಿಗ್ಗೆ ವೆಂಕಟಮ್ಮ ಎಂದಿನಂತೆ ತಟ್ಟೆಯ ಮೇಲೆ ಬಾಳೆ ಎಲೆ ಮುಚ್ಚಿಕೊಂಡು ಮೆಟ್ಟಿಲು ಹತ್ತಿ ಬಂದಳು. ಬಾಗಿಲಲ್ಲಿ ಆತಿಕಾ ಅಡ್ಡ ನಿಂತಳು.

"ಏನದು?"

"ಒಬ್ಬಟ್ಟು ಕಣಮ್ಮಿ. ನಿಂಗೂ ಮೇಷ್ಟ್ರಿಗೂ. ರೋಜಾ ಬಿಟ್ಮೇಲೆ ತಿನ್ನಿ. ನಿಮ್ಮಮ್ಮಂಗೆ ಬರೀ ಕೋಸಂಬ್ರಿ ತಂದಿವ್ನಿ."

"ಬೇಡ. ತಗೊಂಡೋಗಿ. ಅಮ್ಮಿಗೆ ಇಷ್ಟು ದಿನ ಯಾರು ತಿನ್ನಿಸ್ತಿದ್ರೂಂತ ನಂಗೀಗ ಗೊತ್ತಾಯ್ತು."

"ಅಯ್ಯೋ ನಿನ್ ಬಾಯಿಗಿಷ್ಟು! ನಾನ್ಯಾಕೆ ತಿನ್ನಿಸ್ಲಿ? ನಿನ್ನ ಕಂಕುಳಲ್ಲಿ ಹೊತ್ತು ಆಡ್ಸಿದೋಳು ಕಣೇ ನಾನು."

"ಅದಕ್ಕೇ ಮರ್ಯಾದೆಯಾಗಿ ಹೇಳ್ತಿದೀನಿ."

ವೆಂಕಟಮ್ಮ ತಟ್ಟೆ ಹಿಡಿದುಕೊಂಡೇ ಹಸನ್‌ನ ಕಡೆ ನೋಡಿದಳು. ಹಸನ್ ಪುಸ್ತಕದಿಂದ ತಲೆ ಎತ್ತಲಿಲ್ಲ. ಅವಳು ನಿಧಾನವಾಗಿ ಮೆಟ್ಟಿಲಿಳಿದು ಹೋದಳು.

ಹಬ್ಬದ ಮಾರನೆಯ ದಿನ ಆತಿಕಾ ತಾಯಿಯ ಕಾಲು ತೊಳೆಯುವಾಗ ಕಿರುಬೆರಳು ಕಪ್ಪಾಗಿರುವುದನ್ನು ಕಂಡಳು. ಚಪ್ಪಲಿ ಕಚ್ಚಿದ ಗಾಯ. ಖಾಲಾಗೆ ಅದು ನೊಂದೇ ಇರಲಿಲ್ಲ. ಪಾದ ಊದಿಕೊಂಡು ವಾಸನೆ ಬರುತ್ತಿತ್ತು. ಆಟೋ ಹಿಡಿದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಂದೇ ಸೇರಿಸಿಕೊಂಡರು.

ಮೂರನೆಯ ದಿನ ವಾರ್ಡಿನ ಯುವ ಡಾಕ್ಟರು ಪೂಜಿತಾ, ಮಂಚದ ಕಾಲಿಗೆ ತೂಗುಹಾಕಿದ್ದ ಹಾಳೆಯನ್ನು ತಿರುವಿ ನೋಡಿ ಹುಬ್ಬು ಗಂಟಿಕ್ಕಿದರು.

"ಇಲ್ಲೂ ಅದೇ ಇನ್ಸುಲಿನ್, ಅದೇ ಡೋಸು. ಮೂರೇ ದಿನಕ್ಕೆ ಇನ್ನೂರಕ್ಕೆ ಇಳಿದಿದೆ. ಮನೇಲಿ ಒಂದು ತಿಂಗಳಾದ್ರೂ ಯಾಕೆ ಇಳೀಲಿಲ್ಲ? ಇನ್ಸುಲಿನ್ ಎಲ್ಲಿಡ್ತೀರಾ?"

"ಫ್ರಿಜ್ಜಲ್ಲೇ ಡಾಕ್ಟ್ರೇ," ಎಂದಳು ಆತಿಕಾ.

"ಫ್ರಿಜ್ಜಲ್ಲಿ ಎಲ್ಲಿ? ಐಸ್ ಹತ್ರ ಅಲ್ಲ ತಾನೇ? ಒಂದ್ಸಲ ಗಟ್ಟಿಯಾಗಿ ಕರಗಿದ್ರೆ ಮುಗೀತು, ಅದು ನೀರಿಗೆ ಸಮ."

"ಇಲ್ಲಪ್ಪ, ಬಾಗಿಲಲ್ಲಿ. ಹದಿನಾಲ್ಕು ವರ್ಷದಿಂದ ಬಾಗಿಲಲ್ಲೇ ಇಡೋದು. ಅಲ್ವಾ ಹಸನ್?"

ಹಸನ್‌ಗೆ ಆ ಕ್ಷಣದಲ್ಲಿ ಎಲ್ಲವೂ ಒಟ್ಟಿಗೇ ಗೊತ್ತಾಯಿತು. ಸಹರಿಯಲ್ಲಿ ಕೈಗೆ ಕಲ್ಲಿನಂತೆ ತಾಗುತ್ತಿದ್ದ ಡಬ್ಬಿಯ ಕೊರೆಯುವ ತಣುಪು, ಗಾಜಿಗೆ ಅಂಟಿದ ಕಣಗಳು, ಖಾಲಾಳ ಒಡೆದ ಹಾಲು. ಹೇಳಬೇಕೆಂದು ಬಾಯಿ ತೆರೆದ. ಆತಿಕಾ ಇವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಅನುಮಾನದ ಸುಳಿವೂ ಇರಲಿಲ್ಲ. ಅವನು ಹೌದೆಂದು ತಲೆಯಾಡಿಸಿದ.

"ಹಾಗಾದ್ರೆ ಊಟದ್ದೇ ತೊಂದ್ರೆ," ಎಂದು ಡಾಕ್ಟರು ಖಾಲಾಳ ಕಡೆ ಬಾಗಿದರು. "ಅಜ್ಜಿ, ಇನ್ಮೇಲೆ ಕದ್ದು ತಿನ್ಬಾರ್ದು, ಆಯ್ತಾ? ನೋಡಿ, ಕಾಲಿಗೆ ಎಷ್ಟು ಕಷ್ಟ ಬಂತು."

ಖಾಲಾ ಚಾದರವನ್ನು ಕಾಲಿನ ಮೇಲಕ್ಕೆ ಎಳೆದುಕೊಂಡಳು. ಪಕ್ಕದ ಮಂಚದ ಹೆಂಗಸು, "ನಮ್ಮತ್ತೇನೂ ಹಿಂಗೇ ಕಣಮ್ಮ, ಮೈಸೂರ್ ಪಾಕು ಅಂದ್ರೆ ಪ್ರಾಣ," ಎಂದು ನಕ್ಕಳು.

ಹಸನ್ ಮಧ್ಯಾಹ್ನ ಮನೆಗೆ ಬಂದ. ಉಳಿದಿದ್ದ ಎರಡು ಬಾಟಲಿಗಳನ್ನು ಡಬ್ಬಿಯಿಂದ ತೆಗೆದು ಕಿಟಕಿಯ ಬಳಿ ಹಿಡಿದ. ಗಾಜಿನ ಒಳಮೈಗೆ ಬಿಳಿಯ ಹರಳು ಹರಳು ಅಂಟಿತ್ತು. ಡಬ್ಬಿಯೊಳಗೆ ಮಡಚಿಟ್ಟಿದ್ದ ಚೀಟಿಯಲ್ಲಿ, ಹೆಪ್ಪುಗಟ್ಟಲು ಬಿಡಬೇಡಿ ಎಂದು ಕನ್ನಡವೂ ಸೇರಿ ನಾಲ್ಕು ಭಾಷೆಗಳಲ್ಲಿ ಬರೆದಿತ್ತು. ಹದಿನಾಲ್ಕು ವರ್ಷದಲ್ಲಿ ಆ ಚೀಟಿಯನ್ನು ಆ ಮನೆಯಲ್ಲಿ ಯಾರೂ ಬಿಡಿಸಿರಲಿಲ್ಲ. ಅವನೂ ಬಿಡಿಸಿರಲಿಲ್ಲ. ಫ್ರಿಜ್ಜಿನ ಬಗ್ಗೆ ಎಷ್ಟೆಲ್ಲ ಓದಿದ್ದ, ಅದೊಂದನ್ನು ಬಿಟ್ಟು. ಬಾಟಲಿಗಳನ್ನು ಒಡೆದು ಬಚ್ಚಲಿಗೆ ಸುರಿದ. ಗಾಜನ್ನು ಪೇಪರಿನಲ್ಲಿ ಸುತ್ತಿ, ಗಲ್ಲಿಯ ತಿರುವಿನ ಕಸದ ಗಾಡಿಗೆ ಹಾಕಿ ಬಂದ. ಹೊಸ ಬಾಟಲಿಗಳನ್ನು ತಂದು ಬಾಗಿಲಿನ ಗೂಡಿನಲ್ಲಿಟ್ಟ. ಫ್ರಿಜ್ಜಿನ ನಂಬರನ್ನು ಮೊದಲಿನ ಜಾಗಕ್ಕೆ ತಿರುಗಿಸಿ ಸ್ವಿಚ್ ಹಾಕಿದ. ಫ್ರಿಜ್ಜು ಗೊರಗುಟ್ಟತೊಡಗಿತು.

ಹೇಳುತ್ತೇನೆ, ಮೊದಲು ಖಾಲಾ ಗುಣವಾಗಲಿ ಎಂದುಕೊಂಡ. ಮರುದಿನ ಬೆರಳು ತೆಗೆದರು. ನಾಲ್ಕು ದಿನ ಬಿಟ್ಟು ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು. ಆಪಾ ಅಳುತ್ತಿದ್ದಾಳೆ, ಈಗ ಹೇಳುವುದು ಬೇಡ ಎಂದುಕೊಂಡ. ಅವನಿಗೆ ಪ್ರತಿ ದಿನವೂ ಒಂದೊಂದು ಕಾರಣ ಸಿಗುತ್ತಿತ್ತು. ಯಾವುದೂ ಸುಳ್ಳು ಕಾರಣವಾಗಿರಲಿಲ್ಲ.

ಆಪರೇಷನ್ ಕೋಣೆಯ ಹೊರಗೆ ಕೂತಿದ್ದಾಗ ಮಧುಕರ್ ಫೋನು ಮಾಡಿದ. ಖಾಲಾಗೆ ಇಷ್ಟೆಲ್ಲ ಆದದ್ದು ಅವನಿಗೆ ಗೊತ್ತಿರಲಿಲ್ಲ. "ಮಗಾ, ನಿಮ್ಮನೇಗೇ ಫಸ್ಟು! ನೂರೈವತ್ತರಿಂದ ಎಂಬತ್ತೊಂದಕ್ಕೆ ಇಳ್ಸಿದೀಯಲ್ಲೋ, ಅದೇನು ಮಾಟ ಮಾಡ್ದೆ? ಹೆಡ್ ಮೇಡಂ ಫುಲ್ ಖುಷ್. ಅಸೆಂಬ್ಲೀಲಿ ನೀನೇ ಮಕ್ಕಳಿಗೆ ಹೇಳ್ಬೇಕಂತೆ, ಹೆಂಗೆ ಮಾಡ್ದೆ ಅಂತ. ಸ್ವೀಟ್ ಕೊಡಿಸ್ಬೇಕು, ನೋಡು."

"ಆಮೇಲೆ ಮಾತಾಡ್ತೀನಿ," ಎಂದು ಹಸನ್ ಫೋನಿಟ್ಟ.

ಗಾಯದ ನಂಜು ಆಗಲೇ ರಕ್ತಕ್ಕೇರಿತ್ತು. ಕೊನೆಯ ದಿನಗಳಲ್ಲಿ ಖಾಲಾ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು. ಒಂದು ಮಧ್ಯಾಹ್ನ ಆತಿಕಾ ಔಷಧಿ ತರಲು ಕೆಳಗೆ ಹೋಗಿದ್ದಾಗ ಕಣ್ಣು ತೆರೆದು ಹಸನ್‌ನ ಮಣಿಕಟ್ಟು ಹಿಡಿದಳು. ಹಿಡಿತದಲ್ಲಿ ಬಲವಿರಲಿಲ್ಲ.

"ಹಸನ್, ನಾನು ತಿಂದಿಲ್ಲ. ನೀನಾದ್ರೂ ನಂಬ್ತೀಯಾ?"

"ನಂಬ್ತೀನಿ ಖಾಲಾ."

"ಬಾಯಿ ಮಾತಿಗಾ?"

"ಅಲ್ಲ. ನೀನು ತಿಂದಿಲ್ಲ ಅಂತ ನಂಗೊತ್ತು."

ಹೇಗೆ ಗೊತ್ತು ಎಂದು ಕೇಳುತ್ತಾಳೆಂದು ಅವನು ಕಾದ. ಕೇಳಿದ್ದರೆ ಹೇಳಿಬಿಡುತ್ತಿದ್ದನೇನೋ. ಅವಳು ಕೇಳಲಿಲ್ಲ.

"ಹಾಗಾದ್ರೆ ಆತಿಕಾಗೆ ಹೇಳು. ನಿನ್ನ ಮಾತು ಕೇಳ್ತಾಳೆ. ಓದಿದವನು ನೀನು."

"ಹೇಳ್ತೀನಿ," ಎಂದ ಹಸನ್.

ಎರಡು ದಿನದ ಮೇಲೆ, ಶುಕ್ರವಾರ ಬೆಳಿಗ್ಗೆ ಚಾಂದ್ ಬೀ ತೀರಿಕೊಂಡಳು.

ಮೂರನೆಯ ದಿನದ ಪ್ರಾರ್ಥನೆಗೆ, ಜಿಯಾರತ್‌ಗೆ, ಮನೆ ತುಂಬ ಹೆಂಗಸರು. ಒಳಗಿನ ಕೋಣೆಯಲ್ಲಿ ಆತಿಕಾ ಬಂದವರಿಗೆಲ್ಲ ಅದೇ ಕಥೆಯನ್ನು ಹೇಳುತ್ತಿದ್ದಳು. ಹೇಳಿ ಹೇಳಿ ಅದರ ಮಾತುಗಳು ಗಟ್ಟಿಯಾಗಿದ್ದವು. "ಎಷ್ಟು ಬೀಗ ಹಾಕಿದ್ರೂ ಕೇಳ್ಲಿಲ್ಲ ನೋಡಿ. ಕೊನೇವರೆಗೂ ಒಪ್ಪಿಕೊಳ್ಳಲಿಲ್ಲ. ಸಿಹಿ ತಿಂದೇ ಜೀವ ಕಳ್ಕೊಂಡ್ಲು ನಮ್ಮಮ್ಮಿ." ಹೆಂಗಸರು ನಾಲಗೆ ಲೊಚಗುಟ್ಟಿದರು. ಯಾರೋ ಒಬ್ಬಳು, "ಅಲ್ಲಾ ಮಾಫ್ ಮಾಡ್ಲಿ," ಎಂದಳು.

ಹೊರಗೆ ಮೆಟ್ಟಿಲ ಮೇಲೆ ವೆಂಕಟಮ್ಮ ನಿಂತಿದ್ದಳು. ಸತ್ತ ದಿನವೂ ಬಂದಿದ್ದಳು. ಆತಿಕಾ ಮುಖ ನೋಡಲು ಬಿಟ್ಟಿರಲಿಲ್ಲ. ಈಗಲೂ ಅವಳನ್ನು ಕಂಡು ಆತಿಕಾ ಎದ್ದು ಬಂದಳು.

"ಇನ್ನೂ ಏನು ನೋಡೋದಿದೆ ಇಲ್ಲಿ? ಕೊಂದಿದ್ದು ಸಾಲ್ದಾ?"

ಒಳಗಿನ ಮಾತು ನಿಂತಿತು. ಹಸನ್ ನಡುವೆ ಬಂದು ವೆಂಕಟಮ್ಮನ ಮೊಣಕೈ ಹಿಡಿದು ಕೆಳಗೆ ಕರೆದುಕೊಂಡು ಹೋದ. ಅವಳ ಮನೆಯ ಬಾಗಿಲಲ್ಲಿ ಮಾರದೆ ಉಳಿದ ದಂಟಿನ ಕಟ್ಟುಗಳು ಬಾಡಿ ಬಿದ್ದಿದ್ದವು. ಮೂರು ದಿನದಿಂದ ಅವಳು ಮಾರ್ಕೆಟ್ಟಿಗೆ ಹೋಗಿರಲಿಲ್ಲ.

ಅವಳು ಹೊಸ್ತಿಲ ಮೇಲೆ ಕುಸಿದು ಕೂತಳು. "ಹಸನಪ್ಪ, ನಿಂಗೊಂದು ಮಾತು ಹೇಳ್ಬೇಕು. ಯಾರ್ಗೂ ಹೇಳಿಲ್ಲ."

"ಹೇಳಿ ಅಮ್ಮ."

"ಯುಗಾದಿ ದಿನ ನೀವಿಬ್ರೂ ಹೊರಗ್ಹೋದ್ಮೇಲೆ ನಾನು ಮತ್ತೆ ಮೇಲೆ ಬಂದಿದ್ದೆ. ಒಂದೇ ಒಂದು ಒಬ್ಬಟ್ಟು ತಂದಿದ್ದೆ, ಸೆರಗಲ್ಲಿ ಮುಚ್ಕೊಂಡು. ಚಾಂದಕ್ಕ ಬೇಡಾಂದ್ಲು. 'ಆಗ್ಲೇ ಕಳ್ಳಿ ಅನ್ನಿಸ್ಕೊಂಡಿದೀನಿ ವೆಂಕಟಿ, ಇನ್ನು ತಿಂದು ನಿಜ ಮಾಡ್ಲಾ' ಅಂದ್ಲು. ನಾನೇ ಬಲವಂತ ಮಾಡಿ ಒಂದು ಚೂರು ಮುರಿದು ಬಾಯಿಗಿಟ್ಟೆ. ಹಬ್ಬ ಅಲ್ವಾ ಅಂತ. ಇಷ್ಟೇ ಇಷ್ಟು." ಹೆಬ್ಬೆರಳಿನ ತುದಿಯನ್ನು ತೋರಿಸಿದಳು. "ಅದಾಗಿ ಎರಡು ದಿನಕ್ಕೇ ಆಸ್ಪತ್ರೆ ಸೇರಿದ್ಲು. ಆತಿಕಾ ಅನ್ನೋದ್ರಲ್ಲಿ ಏನು ತಪ್ಪೈತೆ? ಊಟ ಮಾಡೋಕೆ ಕೂತ್ರೆ ಅದೇ ಕೈ ಕಾಣ್ತದೆ, ಅವಳ ಬಾಯಿಗಿಟ್ಟಿದ್ದು. ನೀನು ಮೇಷ್ಟ್ರು, ಸೈನ್ಸು ಓದಿದೋನು. ನೀನು ಹೇಳಪ್ಪ. ಅಷ್ಟು ಚೂರಿಗೆ ಹೋಗ್ಬಿಡ್ತದಾ ಜೀವ?"

ಮೇಲಿನ ಮನೆಯಲ್ಲಿ ಹೆಂಗಸರ ಕುರಾನ್ ಓದು ಶುರುವಾಗಿತ್ತು. ಹಸನ್ ಅವಳ ಎದುರು ಕುಕ್ಕರುಗಾಲಿನಲ್ಲಿ ಕೂತ. ಅವಳು ಅವನ ಬಾಯನ್ನೇ ನೋಡುತ್ತಿದ್ದಳು.

"ಆಗಿದ್ದು ಆಗೋಯ್ತು ಅಮ್ಮ," ಎಂದ. "ಅದನ್ನೆಲ್ಲ ಯೋಚ್ನೆ ಮಾಡ್ಬೇಡಿ."

ಅವಳು ತಲೆಯಾಡಿಸಿದಳು. ಉತ್ತರ ಸಿಕ್ಕಿದವಳಂತೆ, ತನಗೆ ಗೊತ್ತಿದ್ದದ್ದೇ ಸರಿ ಎಂದು ಖಚಿತವಾದವಳಂತೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಔಷಧಿ ಹೆಪ್ಪುಗಟ್ಟಿ ಕೆಟ್ಟಿತ್ತೆಂದು, ಅದನ್ನು ಅಲ್ಲಿಟ್ಟವನು ತಾನೆಂದು ಹಸನ್ ವೆಂಕಟಮ್ಮನಿಗೆ ಹೇಳಲಿಲ್ಲ. ಆತಿಕಾಳಿಗೂ ಎಂದೂ ಹೇಳಲಿಲ್ಲ.